ಹೂವು ಯಾವ ಕಡೆ ಬಿತ್ತು?

ನಮ್ಮ ಅಜ್ಜನ ಮನೆ ಕಡೆ ಏನೇ ದೊಡ್ಡ ತೀರ್ಮಾನವಿದ್ದರೂ ಮೊದಲು ಅಮ್ಮನವರ ಹತ್ತಿರ ಪ್ರಸಾದ ಕೇಳುವ ರೂಢಿ. ನೀರಲ್ಲಿ ಅದ್ದಿದ ಹೂವಿನ ಎಸಳುಗಳನ್ನು ಭಟ್ಟರು ಕಲ್ಲಿನ ವಿಗ್ರಹಕ್ಕೆ ಅಂಟಿಸುತ್ತಾರೆ. ಬಲಗಡೆಯ ಎಸಳು ಮೊದಲು ಬಿದ್ದರೆ ಅಪ್ಪಣೆಯಾಯಿತು, ಎಡಗಡೆಯದು ಬಿದ್ದರೆ ಬೇಡ ಅಂತ ಅರ್ಥ. ನನಗೆ ಹತ್ತೋ ಹನ್ನೊಂದೋ ವರ್ಷವಿದ್ದಾಗ ಹೊಳೆ ಪಕ್ಕದ ಅಡಿಕೆ ತೋಟ ಮಾರುವ ಮಾತು ಬಂತು. ಮನೆಮಂದಿಯೆಲ್ಲ ಹೋಗಿ ಗರ್ಭಗುಡಿಯ ಮುಂದೆ ಕೈಮುಗಿದು ನಿಂತೆವು. ಕಾಲು ಗಂಟೆ ಕಾದ ಮೇಲೆ ಎಡಗಡೆಯದು ಬಿತ್ತು. ಯಾರೂ ಮಾತಾಡಲಿಲ್ಲ. ಆಮೇಲೆ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಭಟ್ರೇ, ಆ ಬದಿ ಎಸಳು ಸರಿ ಅಂಟಿರ್ಲಿಲ್ಲ ಕಾಣ್ತದೆ, ಇನ್ನೊಂದ್ಸಲ ಕೇಳಿ" ಅಂದರು. ಭಟ್ಟರು ಅಜ್ಜನ ಮುಖ ನೋಡಿದರು. ಅಜ್ಜ ಸಣ್ಣಗೆ ತಲೆಯಾಡಿಸಿದರು. ಎರಡನೇ ಸಲ ಬಲಗಡೆ ಬಿತ್ತು, ತೋಟ ಮಾರಿದ್ದಾಯಿತು. ಕೆಲವೇ ವರ್ಷಕ್ಕೆ ಅಡಿಕೆಗೆ ಚಿನ್ನದ ಬೆಲೆ ಬಂದಾಗ ಅತ್ತೆಯ ಬಾಯಲ್ಲಿ ಒಂದೇ ಮಾತು: "ಅಮ್ಮ ಮೊದಲೇ ಬೇಡ ಅಂದಿದ್ಳು." ದೊಡ್ಡಪ್ಪನದೂ ಒಂದೇ ಮಾತು: "ಅಪ್ಪಣೆ ಆದ್ಮೇಲೇ ಮಾರಿದ್ದು." ದೇವಿ ಮಾತಾಡಿದಳು ಅನ್ನುವುದರಲ್ಲಿ ಇಬ್ಬರಿಗೂ ಕಿಂಚಿತ್ತೂ ಅನುಮಾನವಿರಲಿಲ್ಲ.

ಆ ದಿನದ್ದೆಲ್ಲ ಮಸುಕಾಗಿದ್ದರೂ ಭಟ್ಟರು ಅಜ್ಜನ ಮುಖ ನೋಡಿದ ಆ ಒಂದು ಕ್ಷಣ ಮಾತ್ರ ತಲೆಯಿಂದ ಹೋಗಿಲ್ಲ. ಕೆಲವು ವರ್ಷಗಳಿಂದ ಬಿಡುವಾದಾಗಲೆಲ್ಲ ರೋಮಿನ ಇತಿಹಾಸ ಓದುತ್ತಿದ್ದೇನೆ. ವಿಚಿತ್ರವೆಂದರೆ ಆ ಕ್ಷಣ ಅಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ರೋಮ್ ಯಾಕೆ ಬೆಳೆಯಿತು ಅಂತ ರೋಮನ್ನರನ್ನೇ ಕೇಳಿದ್ದರೆ ದೇವರ ದಯೆ ಅನ್ನುತ್ತಿದ್ದರು. ಯಾಕೆ ಬಿತ್ತು ಅಂತ ಕೇಳಿದರೆ ಹಳೇ ದೇವರುಗಳನ್ನು ಬಿಟ್ಟಿದ್ದಕ್ಕೆ ಅನ್ನುವವರು ಕೆಲವರು, ಪೂರ್ತಿಯಾಗಿ ಬಿಡದೇ ಇದ್ದದ್ದಕ್ಕೆ ಅನ್ನುವವರು ಕೆಲವರು. ನಮ್ಮ ಅತ್ತೆ-ದೊಡ್ಡಪ್ಪನ ಜಗಳವೇ, ಸ್ವಲ್ಪ ದೊಡ್ಡ ತೋಟದ ಮೇಲೆ.

ಕೋಳಿ ಕಾಳು ತಿಂದಿತಾ?

ರೋಮನ್ ಸೈನ್ಯ ಯುದ್ಧಕ್ಕೆ ಹೊರಟರೆ ಜೊತೆಗೆ ಪಂಜರದಲ್ಲಿ ಪವಿತ್ರ ಕೋಳಿಗಳೂ ಹೊರಡುತ್ತಿದ್ದವು. ಅವನ್ನು ನೋಡಿಕೊಳ್ಳಲೆಂದೇ ಆಳುಗಳಿದ್ದರು. ಬೆಳಿಗ್ಗೆ ಕಾಳು ಹಾಕಿದಾಗ ಕೋಳಿ ಕೊಕ್ಕಿನಿಂದ ಉದುರುವಷ್ಟು ಆತುರದಲ್ಲಿ ತಿಂದರೆ ಶುಭ, ಮುಖ ತಿರುಗಿಸಿದರೆ ಆವತ್ತು ಯುದ್ಧವಿಲ್ಲ. ಕ್ರಿ.ಪೂ. 293ರಲ್ಲಿ ಅಕ್ವಿಲೋನಿಯಾ ಎಂಬಲ್ಲಿ ಸಾಮ್ನೈಟರ ಮೇಲೆ ಬೀಳಲು ಪಪೀರಿಯಸ್ ಎಂಬ ಕಾನ್ಸಲ್, ಅಂದರೆ ಆ ವರ್ಷಕ್ಕೆ ಆರಿಸಿ ಬಂದ ಆಡಳಿತದ ಮುಖ್ಯಸ್ಥ, ಸಿದ್ಧನಾಗಿ ನಿಂತಿದ್ದ. ಇಡೀ ಪಾಳೆಯ ಯುದ್ಧಕ್ಕೆ ತುದಿಗಾಲಲ್ಲಿತ್ತು. ಆ ಹುಮ್ಮಸ್ಸು ಕೋಳಿ ನೋಡಿಕೊಳ್ಳುವವನಿಗೂ ಹತ್ತಿತ್ತು ಅಂತ ಇತಿಹಾಸಕಾರ ಲಿವಿ ಬರೆಯುತ್ತಾನೆ. ಕೋಳಿ ಕಾಳು ಮುಟ್ಟಿರಲಿಲ್ಲ. ಆದರೂ ಇವನು ಹೋಗಿ "ಚೆನ್ನಾಗಿ ತಿಂದವು ಸ್ವಾಮಿ" ಅಂತ ವರದಿ ಒಪ್ಪಿಸಿದ. ಕೋಳಿಯವರಲ್ಲೇ ಈ ಬಗ್ಗೆ ಜಗಳ ಹತ್ತಿ, ಅದು ಸವಾರರ ಕಿವಿಗೆ ಬಿದ್ದು, ಕಾನ್ಸಲ್‌ನ ಅಣ್ಣನ ಮಗ ಓಡಿ ಬಂದು ಚಿಕ್ಕಪ್ಪನಿಗೆ ವಿಷಯ ಮುಟ್ಟಿಸಿದ.

ಪಪೀರಿಯಸ್ ಕೊಟ್ಟ ಉತ್ತರ ನನಗೆ ಬಾಯಿಪಾಠವಾಗಿದೆ. ಸುಳ್ಳು ಶಕುನ ಹೇಳಿದವನ ತಲೆಗೇ ಅದರ ದೋಷ. ನನಗೆ ಬಂದ ವರದಿ ಶುಭವೆಂದಿತ್ತು, ಆದ್ದರಿಂದ ರೋಮಿಗೂ ಸೈನ್ಯಕ್ಕೂ ಇದು ಶುಭಶಕುನವೇ. ಇಷ್ಟು ಹೇಳಿ ಆ ಕೋಳಿಯವನನ್ನು ಸೈನ್ಯದ ಮುಂಚೂಣಿಯಲ್ಲಿ ನಿಲ್ಲಿಸಿದ. ಕಾಳಗ ಶುರುವಾಗುವ ಮೊದಲೇ ಎಲ್ಲಿಂದಲೋ ಬಂದ ಭರ್ಜಿ ತಗುಲಿ ಅವನು ಸತ್ತ. "ದೇವರುಗಳು ನಮ್ಮ ನಡುವೆಯೇ ಇದ್ದಾರೆ, ತಪ್ಪಿತಸ್ಥನಿಗೆ ಶಿಕ್ಷೆಯಾಯಿತು" ಅಂದ ಕಾನ್ಸಲ್. ರೋಮನ್ನರು ಗೆದ್ದರು. ಮೊದಲ ಸಲ ಓದಿದಾಗ ಇದು ಶುದ್ಧ ಬೂಟಾಟಿಕೆ ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಪಪೀರಿಯಸ್ ದೇವರನ್ನು ನಂಬಿದ್ದ. ಜೊತೆಗೆ ಕಚೇರಿಯ ಶಿಸ್ತನ್ನೂ ನಂಬಿದ್ದ. ಅವನ ಕಣ್ಣಲ್ಲಿ ಶಕುನವೆಂದರೆ ಅಧಿಕಾರವಿದ್ದವನು ವಿಧಿವತ್ತಾಗಿ ತಂದು ಹೇಳಿದ ಮಾತು. ಕೋಳಿಯ ಹಸಿವು ಆಮೇಲಿನದು.

ಗಣರಾಜ್ಯದ ರೋಮಿನಲ್ಲಿ ಈ ಏರ್ಪಾಡು ಶತಮಾನಗಟ್ಟಲೆ ನಡೆಯಿತು. ಬಲಿ ಕೊಟ್ಟ ಪ್ರಾಣಿಯ ಪಿತ್ತಜನಕಾಂಗ ಸರಿಯಿಲ್ಲವೆಂದರೆ ಇನ್ನೊಂದು ಪ್ರಾಣಿ, ಅದೂ ಸರಿಯಿಲ್ಲವೆಂದರೆ ಮತ್ತೊಂದು, ದೇವರು ಒಪ್ಪುವವರೆಗೂ. ಉತ್ಸವದಲ್ಲಿ ಮಂತ್ರ ತಪ್ಪಿದರೆ ಇಡೀ ಉತ್ಸವ ಮೊದಲಿನಿಂದ. ಸೋತರೆ ಎಲ್ಲೋ ವಿಧಿ ತಪ್ಪಿದೆ ಅಂತ ಸೆನೆಟ್ ಪುರೋಹಿತರನ್ನು ಕೇಳುವುದು, ತಪ್ಪಿದವನಿಗೆ ದಂಡ, ದೇವರಿಗೆ ಹೊಸ ಗುಡಿ, ಮುಂದಿನ ವರ್ಷಕ್ಕೆ ಹೊಸ ಕಾನ್ಸಲ್. ದೇವರ ದಯೆ ಊರಿನದು, ಒಬ್ಬ ಮನುಷ್ಯನದಲ್ಲ. ಒಬ್ಬ ಸೋತರೆ ದಯೆ ಹೋಯಿತು ಅಂತ ಯಾರೂ ಎದೆ ಬಡಿದುಕೊಳ್ಳಬೇಕಾಗಿರಲಿಲ್ಲ. ದುರುಪಯೋಗ ಇರಲಿಲ್ಲವೆಂದಲ್ಲ. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್‌ನ ಜೊತೆ ಕಾನ್ಸಲ್ ಆಗಿದ್ದ ಬಿಬ್ಯುಲಸ್ ಮನೆಯ ಬಾಗಿಲು ಹಾಕಿಕೊಂಡು "ನಾನು ಆಕಾಶ ನೋಡುತ್ತಿದ್ದೇನೆ" ಅಂತ ದಿನಾ ಹೇಳಿ ಕಳಿಸುತ್ತಿದ್ದ. ಶಕುನ ನೋಡುತ್ತಿರುವಾಗ ಸಭೆ ನಡೆಸುವಂತಿಲ್ಲ ಅನ್ನುವುದು ನಿಯಮ. ಸೀಸರ್ ಲೆಕ್ಕಕ್ಕೇ ಇಟ್ಟುಕೊಳ್ಳದೆ ಸಭೆ ನಡೆಸಿದ. ನನ್ನ ಕೇಳಿದರೆ ಗಣರಾಜ್ಯ ಮುಗಿದದ್ದು ಯಾವ ರಣರಂಗದಲ್ಲೂ ಅಲ್ಲ, ಈ ತಾತ್ಸಾರದಲ್ಲೇ.

ನಾಲ್ಕಾಣೆಯಷ್ಟು ಬೆಳ್ಳಿ

1891ರಲ್ಲಿ ನಮ್ಮ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು, ಮೊದಲ ಚಕ್ರವರ್ತಿ ಆಗಸ್ಟಸ್‌ನಿಂದ ಕ್ಲಾಡಿಯಸ್‌ವರೆಗಿನವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಆ ಕಾಲದವು ಸಿಕ್ಕಿವೆ. ಅಂಥದ್ದೇ ಒಂದು ಟೈಬೀರಿಯಸ್ ನಾಣ್ಯವನ್ನು ಮ್ಯೂಸಿಯಂ ಒಂದರಲ್ಲಿ ಗಾಜಿನ ಹಿಂದೆ ನೋಡಿದ್ದೆ. ಹಳೇ ನಾಲ್ಕಾಣೆಯಷ್ಟು ಅಗಲ. ಮುಂದುಗಡೆ ರಾಜನ ತಲೆ, ಸುತ್ತ ಚಿಕ್ಕ ಅಕ್ಷರಗಳಲ್ಲಿ "ದೈವವಾದ ಆಗಸ್ಟಸ್‌ನ ಮಗ" ಅಂತ. ಹಿಂದುಗಡೆ ಕೊಂಬೆ ಹಿಡಿದು ಕೂತ ಹೆಂಗಸು, ಜೊತೆಗೆ "ಪಾಂಟಿಫೆಕ್ಸ್ ಮ್ಯಾಕ್ಸಿಮಸ್", ಅಂದರೆ ಪ್ರಧಾನ ಪುರೋಹಿತ, ಅನ್ನುವುದರ ಮೊಟಕು ರೂಪ. ಮೆಣಸು ಮುತ್ತು ಕೊಂಡು ಬೆಳ್ಳಿ ತೂಗಿಕೊಟ್ಟ ಕಾಲದಲ್ಲಿ ಇಲ್ಲಿ ಯಾರೂ ಅದನ್ನು ಓದಿರಲಾರರು. ಆದರೆ ಆಗಸ್ಟಸ್ ಮಾಡಿದ ಇಡೀ ಬದಲಾವಣೆ ಆ ನಾಲ್ಕಾಣೆಯ ಎರಡು ಮುಖಗಳಲ್ಲೇ ಇದೆ. ದೇವರ ವಂಶ ಒಂದು ಕಡೆ, ದೇವರ ಮಾತು ಓದುವ ಹುದ್ದೆ ಇನ್ನೊಂದು ಕಡೆ. ಎರಡೂ ಒಬ್ಬನದೇ.

ಸೀಸರ್ ಸತ್ತ ವರ್ಷ, ಕ್ರಿ.ಪೂ. 44ರ ಜುಲೈಯಲ್ಲಿ, ಧೂಮಕೇತು ಕಾಣಿಸಿತು. ಧೂಮಕೇತು ಎಂದರೆ ಎಲ್ಲ ಕಡೆಯೂ ಅಪಶಕುನ. ಆದರೆ ಹತ್ತೊಂಬತ್ತೂ ತುಂಬದ ದತ್ತುಮಗ ಆಕ್ಟೇವಿಯನ್‌ನ ಕಡೆಯವರು ಇದನ್ನು ಸ್ವರ್ಗಕ್ಕೆ ಹೊರಟ ಸೀಸರನ ಆತ್ಮ ಅಂದರು. ಎಡಗಡೆ ಬಿದ್ದ ಹೂವನ್ನು ಬಲಗಡೆಯದು ಮಾಡಿದ್ದು ಹೀಗೆ. ಕ್ರಿ.ಪೂ. 27ರಲ್ಲಿ ಸೆನೆಟ್ ಅವನಿಗೆ ಆಗಸ್ಟಸ್ ಎಂಬ ಬಿರುದು ಕೊಟ್ಟಿತು. ಅದಕ್ಕೂ ಒಂದು ವರ್ಷ ಮೊದಲು ರೋಮಿನ 82 ಗುಡಿಗಳ ಜೀರ್ಣೋದ್ಧಾರ ಮಾಡಿಸಿದೆ ಅಂತ ಅವನೇ ಬರೆಸಿಕೊಂಡಿದ್ದಾನೆ. ಪ್ರಧಾನ ಪುರೋಹಿತನ ಹುದ್ದೆಯನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಅದು ಹಳೆಯ ಪಾಲುದಾರ ಲೆಪಿಡಸ್‌ನ ಹತ್ತಿರವಿತ್ತು. ಅವನು ಸಾಯುವವರೆಗೆ ಕಾದು ಕ್ರಿ.ಪೂ. 12ರಲ್ಲಿ ಏರಿದ. ಅಷ್ಟು ತಾಳ್ಮೆ ಇದ್ದವನು ಅಪಾಯಕಾರಿಯೇ. ಅಲ್ಲಿಂದ ಮುಂದೆ ಹೂವು ಅಂಟಿಸುವವನೂ ಅವನೇ, ಯಾವ ಕಡೆ ಬಿತ್ತೆಂದು ಹೇಳುವವನೂ ಅವನೇ.

ಈ ಹೊಸ ಏರ್ಪಾಡನ್ನು ಚಕ್ರವರ್ತಿಗಳೆಲ್ಲ ಭಕ್ತಿಯಿಂದಲೇ ನಂಬಿದ್ದರು ಅಂದುಕೊಳ್ಳಬೇಡಿ. ವೆಸ್ಪೇಷಿಯನ್ ಅಲೆಕ್ಸಾಂಡ್ರಿಯಾದಲ್ಲಿದ್ದಾಗ ಒಬ್ಬ ಕುರುಡ, ಒಬ್ಬ ಕೈ ಸ್ವಾಧೀನವಿಲ್ಲದವ ಬಂದು ವಾಸಿ ಮಾಡು ಅಂತ ಕಾಲು ಹಿಡಿದರು. ಇವನು ಮೊದಲು ನಕ್ಕ, ಆಮೇಲೆ ವೈದ್ಯರನ್ನು ಕರೆಸಿ ವಾಸಿಯಾಗುವ ಸಂಭವವಿದೆಯಾ ಅಂತ ವಿಚಾರಿಸಿದ. ವಾಸಿಯಾದರೆ ಕೀರ್ತಿ ಚಕ್ರವರ್ತಿಗೆ, ಆಗದಿದ್ದರೆ ನಗೆಪಾಟಲು ಆ ಬಡಪಾಯಿಗಳಿಗೆ ಅನ್ನುವುದು ಖಚಿತವಾದ ಮೇಲೇ ಕೈ ಹಾಕಿದ ಅಂತ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಕ್ರಿ.ಶ. 79ರಲ್ಲಿ ಕಾಯಿಲೆ ಬಿದ್ದು ಸಾಯುವ ಹೊತ್ತಲ್ಲೂ "ಅಯ್ಯೋ, ದೇವರಾಗ್ತಾ ಇದೀನಿ ಅನ್ಸುತ್ತೆ" ಅಂತ ಹಾಸ್ಯ ಮಾಡಿದನಂತೆ. ನನಗೆ ಇಡೀ ಸಾಲಿನಲ್ಲಿ ಇಷ್ಟವಾಗುವ ಮನುಷ್ಯ ಇವನೊಬ್ಬನೇ.

ಬಲ ಹುಬ್ಬಿನ ಮೇಲೆ ಗಾಯದ ಕಲೆ

ದೇವರ ದಯೆಯನ್ನೆಲ್ಲ ಒಬ್ಬನ ಹೆಸರಿಗೆ ಖಾತೆ ಮಾಡಿಸಿಕೊಂಡರೆ ಒಂದು ತೊಂದರೆಯಿದೆ. ಗೆಲ್ಲುವವರೆಗೆ ಸರಿ. ಸೋತರೆ ದೋಷ ಹೊರಿಸಲು ಕೋಳಿಯವನಿಲ್ಲ. ಕ್ರಿ.ಶ. 235ರಿಂದ 284ರವರೆಗಿನ ಐವತ್ತು ವರ್ಷಗಳಲ್ಲಿ ರೋಮಿಗೆ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದು ಹೋದರು, ಬಹುಪಾಲು ತಮ್ಮವರ ಕತ್ತಿಗೇ ಬಿದ್ದರು. ಒಬ್ಬ ಸೋತನೆಂದರೆ ದೇವರು ಅವನನ್ನು ಬಿಟ್ಟ. ಹಾಗಾದರೆ ದೇವರು ಒಲಿದವನು ಯಾರು? ಪಕ್ಕದ ಗಡಿಯಲ್ಲಿ ಮೊನ್ನೆ ಗೆದ್ದ ಸೇನಾಪತಿ. ಹೂವು ಓದುವ ಕೆಲಸ ಸೈನಿಕರ ಪಾಲಾಯಿತು.

249ರಲ್ಲಿ ಪಟ್ಟಕ್ಕೆ ಬಂದ ಡೀಸಿಯಸ್ ಇದಕ್ಕೆ ಒಂದು ಉಪಾಯ ಕಂಡುಕೊಂಡ. ಸಾಮ್ರಾಜ್ಯದ ಪ್ರತಿಯೊಬ್ಬನೂ ದೇವರಿಗೆ ಬಲಿ ಕೊಡಬೇಕು, ಕೊಟ್ಟಿದ್ದಕ್ಕೆ ಸರ್ಟಿಫಿಕೇಟ್ ಪಡೆಯಬೇಕು. ಈಜಿಪ್ಟಿನ ಒಣ ಮರಳಲ್ಲಿ ಇಂಥ ನಲವತ್ತಕ್ಕೂ ಹೆಚ್ಚು ಚೀಟಿಗಳು ಉಳಿದು ಬಂದಿವೆ. ಒಂದು ಹೀಗಿದೆ: ಬಲಿಯ ಉಸ್ತುವಾರಿಗೆಂದು ನೇಮಕವಾದವರಿಗೆ, ಸತಬೂಸ್‌ನ ಮಗ ಆರೇಲಿಯಸ್ ಡಯೋಜಿನೀಸ್‌ನಿಂದ, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಕಲೆ. ನಾನು ಯಾವಾಗಲೂ ದೇವರುಗಳಿಗೆ ಬಲಿ ಕೊಡುತ್ತಾ ಬಂದವನು. ಈಗ ಆಜ್ಞೆಯಂತೆ ನಿಮ್ಮ ಸಮಕ್ಷಮ ಬಲಿ ಕೊಟ್ಟು, ಎರೆದು, ನೈವೇದ್ಯದ ರುಚಿ ನೋಡಿದ್ದೇನೆ. ಇದನ್ನು ದೃಢೀಕರಿಸಬೇಕಾಗಿ ಕೋರುತ್ತೇನೆ. ಕೆಳಗೆ ಸಾಕ್ಷಿಯ ರುಜು, ತಾರೀಖು.

ಬಲ ಹುಬ್ಬಿನ ಮೇಲೆ ಗಾಯದ ಕಲೆ! ನನ್ನ ಎಸ್ಸೆಸ್ಸೆಲ್ಸಿ ಕಾಲದಲ್ಲೂ ಅರ್ಜಿಗಳಲ್ಲಿ "ಗುರುತಿನ ಚಿಹ್ನೆ" ಅಂತ ಒಂದು ಖಾಲಿ ಗೆರೆ ಇರುತ್ತಿತ್ತು. ನಾನು ಎಡಗೈ ಮೇಲಿನ ಮಚ್ಚೆ ಬರೆಯುತ್ತಿದ್ದೆ. ಎಪ್ಪತ್ತೆರಡರ ಮುದುಕನೊಬ್ಬ ಸರದಿಯಲ್ಲಿ ನಿಂತು, ತಾನು ಹುಟ್ಟಿದಾಗಿನಿಂದ ಪೂಜಿಸುತ್ತ ಬಂದ ದೇವರನ್ನು ತಾನು ಪೂಜಿಸುತ್ತೇನೆ ಅನ್ನುವುದಕ್ಕೆ ರಸೀದಿ ಪಡೆಯುತ್ತಿರುವುದು ಕಣ್ಣಿಗೆ ಕಟ್ಟುತ್ತದೆ. ಇನ್ನೊಂದು ಚೀಟಿ ಮೊಸಳೆ ದೇವರ ಪೂಜಾರಿಣಿಯದು. ದಿನವೂ ಗುಡಿಯಲ್ಲೇ ಇರುವವಳಿಗೂ ವಿನಾಯಿತಿಯಿಲ್ಲ. ಕ್ರೈಸ್ತರಿಗೆ ಇದರಿಂದ ಜೀವಸಂಕಟವಾಯಿತು, ಅದು ನಿಜ, ಅದು ಚೆನ್ನಾಗಿ ದಾಖಲಾಗಿರುವ ಕಥೆ. ನನ್ನನ್ನು ಕಾಡುವುದು ಡಯೋಜಿನೀಸ್. ಊರಿನ ದಯೆಯನ್ನು ರಾಜನ ಖಾತೆಗೆ ಬರೆಸಿಕೊಂಡವರು ಈಗ ಊರವರಿಂದ ಒಬ್ಬೊಬ್ಬರಂತೆ ವಸೂಲಿಗೆ ಇಳಿದಿದ್ದರು. 251ರಲ್ಲಿ ಡೀಸಿಯಸ್ ಗಾಥರ ವಿರುದ್ಧ ಅಬ್ರಿಟಸ್‌ನ ಕೆಸರಲ್ಲಿ ಸತ್ತ. ಹೊರಗಿನ ಶತ್ರುವಿನ ಕೈಯಲ್ಲಿ ರಣರಂಗದಲ್ಲಿ ಸತ್ತ ಮೊದಲ ರೋಮನ್ ಚಕ್ರವರ್ತಿ ಅವನು. ಕ್ರೈಸ್ತರನ್ನು ಮತ್ತೆ ಹಿಂಸಿಸಿದ ವಲೇರಿಯನ್ 260ರಲ್ಲಿ ಪರ್ಷಿಯಾದ ಶಾಪೂರ್‌ಗೆ ಜೀವಂತ ಸೆರೆಸಿಕ್ಕ. ನಖ್ಶ್-ಎ-ರುಸ್ತಮ್‌ನ ಬಂಡೆಯ ಮೇಲೆ ಆ ದೃಶ್ಯವನ್ನು ಶಾಪೂರ್ ಕೆತ್ತಿಸಿಯೇ ಬಿಟ್ಟ. ಕ್ರೈಸ್ತರು ಇಬ್ಬರ ಗತಿಯನ್ನೂ ಬರೆದಿಟ್ಟುಕೊಂಡರು. ಅವರೂ ಈಗ ಹೂವು ಓದಲು ಕಲಿತಿದ್ದರು.

303ರಲ್ಲಿ ಶುರುವಾದ, ಕ್ರೈಸ್ತರ ಮೇಲಿನ ಕೊನೆಯ ದೊಡ್ಡ ದಮನದ ಹಿಂದಿದ್ದವರಲ್ಲಿ, ಆಗ ಆಳುತ್ತಿದ್ದವರಲ್ಲೊಬ್ಬನಾದ ಗಲೇರಿಯಸ್ ಮುಖ್ಯ. 311ರ ಏಪ್ರಿಲ್‌ನಲ್ಲಿ ಅವನು ಹುಣ್ಣು ಕೊಳೆತು ಸಾಯುತ್ತಿದ್ದಾಗ ಹೊರಡಿಸಿದ ಆಜ್ಞೆಯ ಕೊನೆಯ ಸಾಲು ನೋಡಿ: ಕ್ರೈಸ್ತರು ಇನ್ನು ತಮ್ಮ ದೇವರಲ್ಲಿ ನಮ್ಮ ಕ್ಷೇಮಕ್ಕಾಗಿ, ರಾಜ್ಯದ ಕ್ಷೇಮಕ್ಕಾಗಿ ಪ್ರಾರ್ಥಿಸಬೇಕು. ಎಂಟು ವರ್ಷ ಒಂದು ದೇವರ ಗುಡಿ ಕೆಡವಿಸಿದವನು ಕೊನೆಗೆ ಅದೇ ದೇವರ ಹತ್ತಿರ ತನ್ನ ಹೆಸರಲ್ಲೊಂದು ಅರ್ಚನೆ ಮಾಡಿಸಿ ಅಂದ ಹಾಗಾಯಿತು. ಕೆಲವೇ ದಿನಗಳಲ್ಲಿ ತೀರಿಕೊಂಡ.

ಒಂದು ಹೆಬ್ಬಾತು

ಕಾನ್‌ಸ್ಟಂಟೈನ್‌ನ ಶಿಲುಬೆಯ ಕನಸು, ಅದನ್ನು ಕಂಡು ಆ ಚಕ್ರವರ್ತಿ ಕ್ರೈಸ್ತರ ದೇವರ ಕಡೆ ತಿರುಗಿದ್ದು ಎಲ್ಲರಿಗೂ ಗೊತ್ತಿರುವುದೇ, ಅದನ್ನಿಲ್ಲಿ ಬೆಳೆಸುವುದಿಲ್ಲ. 312ರಲ್ಲಿ ಮಿಲ್ವಿಯನ್ ಸೇತುವೆಯ ಹತ್ತಿರ ಗೆದ್ದದ್ದಕ್ಕೆ ಸೆನೆಟ್ ಕಟ್ಟಿಸಿದ ಕಮಾನು ರೋಮಿನಲ್ಲಿ ಇವತ್ತಿಗೂ ನಿಂತಿದೆ. ಅದರ ಮೇಲೆ ಅವನು "ದೈವಪ್ರೇರಣೆಯಿಂದ" ಗೆದ್ದ ಅಂತಿದೆ, ಯಾವ ದೈವ ಅಂತಿಲ್ಲ. ಬರೆದವರು ಜಾಣರು, ಬರೆಸಿಕೊಂಡವನು ಇನ್ನೂ ಜಾಣ. ಅದಾದ ಮೇಲೂ ವರ್ಷಗಟ್ಟಲೆ ಅವನ ನಾಣ್ಯಗಳ ಮೇಲೆ ಸೂರ್ಯದೇವ ರಾರಾಜಿಸಿದ.

ನಾನು ಮತ್ತೆ ಮತ್ತೆ ಓದುವುದು ಅವನ ವಂಶದ ಕೊನೆಯವನಾದ ಜೂಲಿಯನ್‌ನ ಕಥೆ. ಕ್ರೈಸ್ತನಾಗಿ ಬೆಳೆದು ಹಳೆಯ ದೇವರುಗಳ ಕಡೆ ಮರಳಿದವನು. 362ರ ಬೇಸಿಗೆಯಲ್ಲಿ ಆಂಟಿಯೋಕ್ ನಗರದಲ್ಲಿದ್ದ. ಪಕ್ಕದ ಡಾಫ್ನೆಯಲ್ಲಿ ಅಪೊಲೊನ ವಾರ್ಷಿಕ ಹಬ್ಬ. ಪುಸ್ತಕ ಓದಿ ಓದಿ ಹಬ್ಬ ಹೇಗಿರಬೇಕೆಂದು ಅವನ ತಲೆಯಲ್ಲಿ ಚಿತ್ರವೇ ಕೂತಿತ್ತು: ಬಿಳಿ ಬಟ್ಟೆಯ ಹುಡುಗರು, ಬಲಿಗೆ ದನಗಳು, ಹಾಡು, ಧೂಪ. ಓಡೋಡಿ ಹೋದ. ಗುಡಿಯೊಳಗೆ ಧೂಪವಿಲ್ಲ, ರೊಟ್ಟಿಯಿಲ್ಲ, ಒಂದು ಪ್ರಾಣಿಯೂ ಇಲ್ಲ. ಪ್ರಧಾನ ಪುರೋಹಿತನಾದ ನನ್ನ ಸನ್ನೆಗಾಗಿ ಎಲ್ಲರೂ ಹೊರಗೆ ಕಾಯುತ್ತಿರಬೇಕು ಅಂದುಕೊಂಡನಂತೆ. ಕೊನೆಗೆ ಪೂಜಾರಿಯನ್ನು ಕೇಳಿದ: ಊರಿನವರು ಇವತ್ತು ಏನು ಬಲಿ ಕೊಡುತ್ತಾರೆ? ಪೂಜಾರಿ ಹೇಳಿದ: ನಾನು ಮನೆಯಿಂದ ಒಂದು ಹೆಬ್ಬಾತು ತಂದಿದ್ದೇನೆ. ಊರಿನವರು ಏನೂ ಸಿದ್ಧ ಮಾಡಿಲ್ಲ.

ಇದನ್ನು ಬರೆದಿಟ್ಟವನು ಜೂಲಿಯನ್ನೇ, ಆಂಟಿಯೋಕ್‌ನವರನ್ನು ಬೈಯುತ್ತಾ. ತನಗೇ ಆದ ಅವಮಾನವನ್ನು ಇಷ್ಟು ವಿವರವಾಗಿ ಬರೆದ ರಾಜ ಇನ್ನೊಬ್ಬನಿದ್ದರೆ ನಾನು ಓದಿಲ್ಲ. ಅವನಿಗೆ ಕಂಡದ್ದು ಊರವರ ಜಿಪುಣತನ. ನನಗೆ ಕಾಣುವುದು ಆ ಪೂಜಾರಿ. ಇಡೀ ಊರಿನ ಪರವಾಗಿ ತನ್ನ ಮನೆಯ ಹಕ್ಕಿಯನ್ನು ಕಂಕುಳಲ್ಲಿಟ್ಟುಕೊಂಡು ಬಂದವನು. ಪೂಜೆ ನಿಂತುಹೋಗಿರುವ ಹಳ್ಳಿಯ ಗುಡಿಯಲ್ಲಿ ಒಬ್ಬರೇ ದೀಪ ಹಚ್ಚುವ ಮುದುಕರನ್ನು ಕಂಡವರಿಗೆ ಅವನು ಚೆನ್ನಾಗಿ ಅರ್ಥವಾಗುತ್ತಾನೆ. ಚಕ್ರವರ್ತಿ ಆಜ್ಞೆ ಮಾಡಿ ದನ ತರಿಸಬಲ್ಲ, ತರಿಸಿದ ಕೂಡ. ಇವನು ಪರ್ಷಿಯಾ ಗೆದ್ದು ಬಂದರೆ ದನಗಳೇ ಉಳಿಯುವುದಿಲ್ಲ ಅಂತ ಜನ ಆಡಿಕೊಂಡರು. ಊರಿನ ಜನ ತಾವಾಗಿಯೇ ಒಂದು ಹೋರಿ ಹಿಡಿದು ತರುವಂತೆ ಮಾಡುವುದು ಮಾತ್ರ ಅವನ ಕೈಲಾಗಲಿಲ್ಲ.

ಮರುವರ್ಷ ಪರ್ಷಿಯಾದ ದಂಡಯಾತ್ರೆಯಲ್ಲಿ ಟೆಸಿಫಾನ್ ಹತ್ತಿರ ಮಾರ್ಸ್ ದೇವರಿಗೆ ಹತ್ತು ಹೋರಿಗಳ ಬಲಿ ಏರ್ಪಾಡಾಯಿತು. ಒಂಬತ್ತು ಹೋರಿಗಳು ಬಲಿಪೀಠ ಮುಟ್ಟುವ ಮೊದಲೇ ಕುಸಿದು ಬಿದ್ದವು. ಹತ್ತನೆಯದು ಹಗ್ಗ ಕಿತ್ತುಕೊಂಡು ಓಡಿತು. ಹಿಡಿದು ತಂದು ಕೊಯ್ದರೆ ಒಳಗೂ ಅಪಶಕುನ. ಸೈನ್ಯದ ಜೊತೆಗಿದ್ದ ಇತಿಹಾಸಕಾರ ಆಮಿಯಾನಸ್ ಬರೆಯುತ್ತಾನೆ: ಜೂಲಿಯನ್ ಸಿಟ್ಟಿನಿಂದ, ಇನ್ನು ಮಾರ್ಸ್‌ಗೆ ಬಲಿ ಕೊಡುವುದಿಲ್ಲ ಅಂತ ಆಣೆಯಿಟ್ಟ. ಮುಖ ನೋಡಲು ಅವನಿಗೆ ಯಾವ ಅಜ್ಜನೂ ಇರಲಿಲ್ಲ. 363ರ ಜೂನ್ 26ರಂದು ಈಟಿಯ ಗಾಯದಿಂದ ಸತ್ತ, ಮೂವತ್ತೊಂದೋ ಮೂವತ್ತೆರಡೋ ವಯಸ್ಸಿಗೆ.

ಬಿಷಪ್‌ನ ಕಾಗದ

ಆಮೇಲಿನದು ಬೇಗ ಮುಗಿಯುತ್ತದೆ. ಪ್ರಧಾನ ಪುರೋಹಿತನ ಬಿರುದು ಬೇಡವೆಂದು ಚಕ್ರವರ್ತಿ ಗ್ರೇಷಿಯನ್ ಬಿಟ್ಟ. ಸೆನೆಟ್ ಸಭಾಂಗಣದಲ್ಲಿದ್ದ ವಿಜಯದೇವತೆಯ ಬಲಿಪೀಠವನ್ನು 382ರಲ್ಲಿ ತೆಗೆಸಿದ. ಎರಡು ವರ್ಷದ ಮೇಲೆ ರೋಮ್ ನಗರದ ಅಧಿಕಾರಿ ಸಿಮ್ಮಾಕಸ್ ಅದನ್ನು ವಾಪಸ್ ಇಡಿ ಅಂತ ಹದಿಮೂರು ವರ್ಷದ ಬಾಲ ಚಕ್ರವರ್ತಿಗೆ ಮನವಿ ಬರೆದ. ಅಷ್ಟು ದೊಡ್ಡ ರಹಸ್ಯವನ್ನು ಒಂದೇ ದಾರಿಯಿಂದ ಮುಟ್ಟಲಾಗದು ಅನ್ನುವ ಮಾತು ಇರುವುದು ಅದರಲ್ಲೇ. ಆ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಮನವಿಯಲ್ಲಿ ಇನ್ನೊಂದು ಮಾತೂ ಇದೆ: ಹಳೆಯ ಪೂಜೆಗಳ ಉಂಬಳಿ ನಿಲ್ಲಿಸಿದ ಮೇಲೆ ಬೆಳೆ ಕೈಕೊಟ್ಟಿತು. ಮಿಲಾನಿನ ಬಿಷಪ್ ಆಂಬ್ರೋಸ್ ಉತ್ತರ ಕೊಟ್ಟ: ಹಾಗಾದರೆ ಈ ವರ್ಷ ಬೆಳೆ ಹುಲುಸಾಗಿದೆಯಲ್ಲ, ಅದಕ್ಕೇನಂತೀರಿ? ಇಬ್ಬರೂ ಮಹಾ ವಿದ್ವಾಂಸರು, ಕೊನೆಗೆ ಬಂದು ನಿಂತದ್ದು ನಮ್ಮ ಅಡಿಕೆ ರೇಟಿನ ಜಗಳಕ್ಕೇ.

ಆಂಬ್ರೋಸ್ ಹುಡುಗನಿಗೆ ಇನ್ನೊಂದು ಮಾತೂ ಬರೆದಿದ್ದ. ನೀನು ಒಪ್ಪಿದರೆ, ಚರ್ಚಿಗೆ ಬರಬಹುದು, ಆದರೆ ಅಲ್ಲಿ ಪಾದ್ರಿ ಇರುವುದಿಲ್ಲ, ಇದ್ದರೂ ನಿನ್ನನ್ನು ತಡೆಯುವವನೇ ಇರುತ್ತಾನೆ. 390ರಲ್ಲಿ ಥೆಸಲೊನೀಕಾದಲ್ಲಿ ಸೈನಿಕರು ಊರವರನ್ನು ಕೊಚ್ಚಿಹಾಕಿದಾಗ ಅದೇ ಬಿಷಪ್ ಚಕ್ರವರ್ತಿ ಥಿಯೋಡೋಸಿಯಸ್‌ಗೆ ಕಾಗದ ಬರೆದು, ಪಶ್ಚಾತ್ತಾಪ ಪಡುವವರೆಗೆ ನಿನ್ನ ಸಮ್ಮುಖದಲ್ಲಿ ಪೂಜೆ ನಡೆಸಲಾರೆ ಅಂದ. ಚಕ್ರವರ್ತಿ ರಾಜಚಿಹ್ನೆಗಳನ್ನು ತೆಗೆದಿಟ್ಟು ಚರ್ಚಿನಲ್ಲಿ ಎಲ್ಲರೆದುರು ಅತ್ತ. ಇದರಲ್ಲಿ ನೀತಿಯ ಗೆಲುವೂ ಇದೆ, ಅಲ್ಲಗಳೆಯುವುದಿಲ್ಲ. ಕೊಲೆಗೆ ಲೆಕ್ಕ ಕೇಳುವವನೊಬ್ಬ ಸಿಕ್ಕನಲ್ಲ. ಆದರೆ ಕ್ರಿ.ಪೂ. 12ರಲ್ಲಿ ಆಗಸ್ಟಸ್ ಅಷ್ಟು ಕಾದು ಪಡೆದಿದ್ದ ಕೆಲಸ ಅವತ್ತು ಕೈಬದಲಾಯಿತು. ಈಗ ಬಿಷಪ್ ರಾಜನ ಮುಖ ನೋಡುತ್ತಿರಲಿಲ್ಲ, ರಾಜನೇ ಬಿಷಪ್‌ನ ಮುಖ ನೋಡುತ್ತಿದ್ದ.

410ರ ಆಗಸ್ಟ್ 24ರಂದು ಗಾಥರ ನಾಯಕ ಅಲಾರಿಕ್ ರೋಮ್ ಹೊಕ್ಕು ಲೂಟಿ ಮಾಡಿದಾಗ ಹಳೇ ದೇವರುಗಳ ಕಡೆಯವರು "ಹೇಳಿರಲಿಲ್ವಾ" ಅಂದರು. ಕ್ರೈಸ್ತ ಬಿಷಪ್ ಅಗಸ್ಟೀನ್ ಹದಿಮೂರು ವರ್ಷ ಕೂತು 22 ಸಂಪುಟಗಳಲ್ಲಿ ಉತ್ತರ ಬರೆದ. ಅದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಒಂದೇ: ಮಳೆ ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಬೀಳುತ್ತದೆ, ಗೆಲುವೂ ಹಾಗೇ, ಯಾವ ರಾಜ್ಯದ ಏಳುಬೀಳಿನಲ್ಲೂ ದೇವರ ಮನಸ್ಸು ಓದಲು ಹೋಗಬೇಡಿ ಅಂದದ್ದು. ಕೋಳಿಯ ಪಂಜರವನ್ನೇ ಮುಚ್ಚಿದ ಹಾಗೆ. ಯಾರೂ ಕೇಳಲಿಲ್ಲ. ಪಶ್ಚಿಮದಲ್ಲಿ 476ಕ್ಕೆ ಚಕ್ರವರ್ತಿಯೇ ಇಲ್ಲವಾದ. ಅದೇ ದೇವರನ್ನು ಅಷ್ಟೇ ಭಕ್ತಿಯಿಂದ ಪೂಜಿಸುತ್ತಿದ್ದ ಪೂರ್ವದ ರೋಮನ್ ರಾಜಧಾನಿ ಕಾನ್‌ಸ್ಟಾಂಟಿನೋಪಲ್ 1453ರವರೆಗೆ ಬಾಳಿತು. ಎರಡು ಕಡೆಯವರ ಲೆಕ್ಕಪುಸ್ತಕದಲ್ಲೂ ಇದು ಕೂರುವುದಿಲ್ಲ.

ಸಿಮ್ಮಾಕಸ್ ಉಳಿಸಲಾಗದ ಆ ವಿಜಯದೇವತೆ ಮಾತ್ರ ಪೂರ್ತಿ ಹೋಗಲಿಲ್ಲ. ಐದನೇ ಶತಮಾನದ ಚಿನ್ನದ ನಾಣ್ಯಗಳ ಹಿಂದುಗಡೆ ಅವಳು ರೆಕ್ಕೆ ಸಮೇತ ನಿಂತಿದ್ದಾಳೆ, ಕೈಯಲ್ಲಿ ಉದ್ದನೆಯ ಶಿಲುಬೆ ಕೊಟ್ಟಿದ್ದಾರೆ. ಮುಂದೆ ನಿಧಾನವಾಗಿ ಅವಳೇ ದೇವದೂತನಾಗಿ ಬದಲಾಗುತ್ತಾಳೆ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನಲ್ಲಿ ಸಿಕ್ಕ ನಿಧಿಯಲ್ಲಿ ಎರಡನೇ ಥಿಯೋಡೋಸಿಯಸ್‌ನಿಂದ ಮೊದಲನೇ ಜಸ್ಟಿನ್‌ವರೆಗಿನ ಇಂಥ ಚಿನ್ನದ ನಾಣ್ಯಗಳಿದ್ದವು. ದಕ್ಷಿಣ ಭಾರತದಲ್ಲಿ ಸಿಗುವ ಈ ಕಾಲದ ನಾಣ್ಯಗಳಲ್ಲಿ ಎಷ್ಟೋ ನಾಣ್ಯಗಳಿಗೆ ರಾಜನ ತಲೆಯ ಮೇಲೆ ಒತ್ತೊತ್ತಾಗಿ ಎರಡು ತೂತುಗಳಿರುತ್ತವೆ. ನಮ್ಮಜ್ಜಿಯ ಕಾಸಿನ ಸರ ನೋಡಿದವರಿಗೆ ಅದು ಯಾಕೆಂದು ಹೇಳಬೇಕಿಲ್ಲ. ತೂತು ಇರುವ ಜಾಗ ನೋಡಿದರೆ ರಾಜನ ಮುಖ ಹೊರಗಡೆಗೆ ನೇರವಾಗಿ ನಿಲ್ಲುವಂತೆ ಪೋಣಿಸುತ್ತಿದ್ದರು ಅನಿಸುತ್ತದೆ. ಹಾಗಾದರೆ ಶಿಲುಬೆ ಹಿಡಿದ ಆ ರೆಕ್ಕೆಯವಳು ಒಳಗಡೆ, ಹಾಕಿಕೊಂಡವಳ ಎದೆಗೆ ತಾಗಿಕೊಂಡು ಇದ್ದಳು.